ಎಡಗೈ ಕೊಟ್ಟ ಅಣ್ಣ

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ಮಂಗಳೂರಿನಲ್ಲಿ ಇರುವುದೇ ಎರಡು ಬಗೆಯ ಜನ ಎಂದು ನಂಬಿದ್ದೆ. ಒಂದು ಹಂಚಿನವರು, ಇನ್ನೊಂದು ಬಂದರಿನವರು. ನಾವು ಹಂಚಿನವರು. ಜೆಪ್ಪುವಿನ ಇಳಿಜಾರಿನಲ್ಲಿ ನಮ್ಮ ಮನೆ, ಕೆಳಗೆ ಹೊಳೆ, ಹೊಳೆಯ ದಡದಲ್ಲಿ ಹಂಚಿನ ಕಾರ್ಖಾನೆ. ಅಪ್ಪ ಅಲ್ಲಿ ಭಟ್ಟಿಗೆ ಸೌದೆ ಹಾಕುತ್ತಿದ್ದರು. ಆ ಹೊಗೆ ಕುಡಿದು ಕುಡಿದು ಅವರಿಗೆ ಕೆಮ್ಮು ಅಂಟಿತ್ತು, ಅರ್ಧ ವಾರ ಮನೆಯಲ್ಲೇ. ಹಾಗಾಗಿ ನಮ್ಮ ಒಲೆ ಉರಿಯುತ್ತಿದ್ದದ್ದು ಅಣ್ಣನ ಕೂಲಿಯಿಂದ. ಅಣ್ಣ ಅಚ್ಚಿನಿಂದ ಬಂದ ಹಸಿ ಹಂಚನ್ನು ಎತ್ತಿ ಹಲಗೆಗೆ ಇಡುವ ಕೆಲಸದಲ್ಲಿದ್ದ. ಕೇಳಲು ಸುಲಭ. ಒಂದು ಬೆರಳು ಹೆಚ್ಚು ಒತ್ತಿದರೆ ಹಸಿ ಹಂಚಿನಲ್ಲಿ ಗುಳಿ ಬೀಳುತ್ತದೆ, ಮೇಸ್ತ್ರಿ ಅದನ್ನು ಎತ್ತಿ ಮಣ್ಣಿನ ರಾಶಿಗೆ ಎಸೆಯುತ್ತಿದ್ದರು.

ಬಂದರಿನವರಲ್ಲಿ ನನಗೆ ಗೊತ್ತಿದ್ದವನು ಒಬ್ಬನೇ, ಅಣ್ಣನ ಜೀವದ ಗೆಳೆಯ. ನಾನು ಅವನನ್ನು ಬಂದರಣ್ಣ ಎನ್ನುತ್ತಿದ್ದೆ. ಬ್ಯಾರಿ ಮುಸ್ಲಿಮರ ಹುಡುಗ. ಅವನ ತಂದೆಗೆ ಬಂದರಿನಲ್ಲಿ ದೋಣಿಗೆ ಬೇಕಾದ ಹಗ್ಗ, ಹಾಯಿಬಟ್ಟೆ ಮಾರುವ ಅಂಗಡಿ ಇತ್ತು. ಭಾನುವಾರ ಬಂದರೆ ಇಬ್ಬರೂ ಹೊಳೆಬದಿಯಲ್ಲಿ ಗಾಳ ಹಾಕಿ ಕೂರುತ್ತಿದ್ದರು. ಅವನು ಬಂದ ಕೂಡಲೇ ಅಮ್ಮ ಬೆಲ್ಲ ನೀರು ತಂದಿಡುತ್ತಿದ್ದಳು. ಒಂದು ತುಂಡು ಬೆಲ್ಲ ಮುಗಿಸಿ, ನಾಚಿಕೆಯಿಲ್ಲದೆ ಇನ್ನೊಂದು ಕೇಳುತ್ತಿದ್ದ. ನನಗೆ ಕಾಗದದಲ್ಲಿ ಸುತ್ತಿದ ಖರ್ಜೂರ ತರುತ್ತಿದ್ದ. ಅವನಂಥವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ.

ಪ್ರತಿ ಬೇಸಿಗೆಯಲ್ಲಿ ಹಂಚಿನವರಿಗೂ ಬಂದರಿನವರಿಗೂ ಮೂರು ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಎರಡು ಗೆದ್ದವರಿಗೆ ಕಪ್. ಮೇ ತಿಂಗಳ ಕೊನೆಗೆ, ಊರ ಜಾತ್ರೆಗಳೆಲ್ಲ ನಿಲ್ಲುವ ಪತ್ತನಾಜೆಯ ದಿನದ ಒಳಗೆ ಎಲ್ಲ ಮುಗಿಯಬೇಕು, ಮಳೆ ಹಿಡಿದ ಮೇಲೆ ಮೈದಾನದಲ್ಲಿ ಚೆಂಡಲ್ಲ, ಕೋಣ ಓಡಿಸಬೇಕು ಎಂದು ಅಪ್ಪ ನಗುತ್ತಿದ್ದರು. ಕೊನೆಯ ಪಂದ್ಯ ಆದ ಮೇಲೆ ಎರಡೂ ತಂಡದವರು ಸಾಲಾಗಿ ನಿಂತು ಕೈ ಕುಲುಕಬೇಕು. ಅದು ಕಾರ್ಖಾನೆಯ ಬಿಳಿ ದೊರೆ ಹಾಕಿಕೊಟ್ಟ ಕ್ರಮ. ಕೈ ಕುಲುಕಿದ ಮೇಲೆ ಗೆದ್ದವರು ಸೋತವರನ್ನು ಹಂಪನಕಟ್ಟೆಯ ಹೋಟೆಲಿಗೆ ಕರೆದೊಯ್ದು ಚಾ, ಗೋಳಿಬಜೆ ಕೊಡಿಸಬೇಕು. ಇದು ನಮ್ಮವರೇ ಸೇರಿಸಿಕೊಂಡದ್ದು. ನನಗೆ ಈ ಎರಡನೆಯ ಕ್ರಮವೇ ಮುಖ್ಯವಾಗಿತ್ತು ಅನ್ನಿ.

ಆ ವರ್ಷ ಒಂದು ಪಂದ್ಯ ಅವರು ಗೆದ್ದಿದ್ದರು, ಒಂದು ನಾವು. ಮೂರನೆಯದರ ದಿನ ಸಮುದ್ರದ ಕಡೆ ಆಕಾಶ ಕಪ್ಪಿಟ್ಟಿತ್ತು. ಎಂಥ ಸೆಕೆ! ಎಲೆ ಅಲ್ಲಾಡುತ್ತಿರಲಿಲ್ಲ. ಮೈದಾನದ ಸುತ್ತ ಬೆವರು, ಬೀಡಿ, ಒಣಮೀನಿನ ವಾಸನೆ. ಅಪ್ಪ ಹೆಗಲ ಮೇಲಿನ ಬೈರಾಸು ಹಾಸಿ ನನ್ನನ್ನು ಕೂರಿಸಿಕೊಂಡಿದ್ದರು. ನಮ್ಮ ಗೋಲಿನಲ್ಲಿ ನಿಂತವನು ಅಣ್ಣ, ಕ್ಯಾಪ್ಟನ್ನೂ ಅವನೇ. ಅವರ ಕಡೆಗೆ ಬಂದರಣ್ಣ ಕ್ಯಾಪ್ಟನ್. ಎಲ್ಲರದೂ ಬರಿಗಾಲು. ನಮ್ಮವರು ಒಂದು ಗೋಲು ಹೊಡೆದಿದ್ದರು, ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು. ಆಗ ಬಂದರಣ್ಣ ಚೆಂಡು ತೆಗೆದುಕೊಂಡು ಬಂದ ನೋಡಿ, ಅವನನ್ನು ತಡೆಯುವವರೇ ಇಲ್ಲ. ಅವನು ಒದ್ದ ಹೊಡೆತಕ್ಕೆ ಅಣ್ಣ ಬಲಗೈ ಚಾಚಿ ಹಾರಿದ. ಚರ್ಮದ ಚೆಂಡು ಕೈಗೆ ಬಡಿದ ಸದ್ದು ನಾವು ಕೂತಲ್ಲಿಗೆ ಕೇಳಿಸಿತು. ಚೆಂಡು ಹೊರಗೆ ಹೋಯಿತು, ಸೀಟಿ ಊದಿದರು, ನಾವು ಗೆದ್ದೆವು.

ಆ ಹೊಡೆತಕ್ಕೆ ಅಣ್ಣನ ಎರಡು ಬೆರಳು ಮುರಿದಿದ್ದವು. ನಮಗೆ ತಿಳಿದದ್ದು ಮನೆಗೆ ಬಂದ ಮೇಲೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ಮೈದಾನದವರ ಹಾಗೆ ಅವನನ್ನು ಬೈಯುತ್ತೀರಿ.

ಮೈದಾನದ ಬದಿಯಲ್ಲಿ ತೋಳಿಗೆ ಕೊಡೆ ಸಿಕ್ಕಿಸಿಕೊಂಡು ಕಾರ್ಖಾನೆಯ ಮೇಸ್ತ್ರಿ ನಿಂತಿದ್ದರು. ದಿನಾ ಬೆಳಿಗ್ಗೆ ಗೇಟಿನಲ್ಲಿ ಯಾರು ಒಳಗೆ, ಯಾರು ಹೊರಗೆ ಎಂದು ಹೇಳುವವರು ಅವರೇ. ಹಿಂದಿನ ತಿಂಗಳು ಯಂತ್ರಕ್ಕೆ ಬೆರಳು ಕೊಟ್ಟ ಒಬ್ಬನನ್ನು, ಕೈ ಸರಿಯಾದ ಮೇಲೆ ಬಾ ಎಂದು ಕಳುಹಿಸಿದ್ದರು. ಕೈ ಸರಿಮಾಡಿಕೊಂಡು ಅವನು ಬಂದಾಗ ಅವನ ಜಾಗದಲ್ಲಿ ಬೇರೊಬ್ಬನಿದ್ದ. ಮುಂದೆ ಇಡೀ ಮಳೆಗಾಲ, ಮನೆಯಲ್ಲಿ ಕೆಮ್ಮುವ ಅಪ್ಪ. ಅಣ್ಣ ಬಲಗೈಯನ್ನು ಪಂಚೆಯ ಮಡಿಕೆಯಲ್ಲಿ ಅಡಗಿಸಿಕೊಂಡು ಸಾಲಿನ ಮುಂದೆ ಬಂದು ನಿಂತ. ಮುಖ ಬೂದಿಯ ಹಾಗಾಗಿತ್ತು. ಗೆದ್ದವನ ಮುಖ ಹೀಗೇಕೆ ಎಂದು ನಾನು ಅಪ್ಪನನ್ನು ಕೇಳಿದೆ.

ಬಂದರಣ್ಣ ನಗುತ್ತಲೇ ಬಂದ. ಸೋತಿದ್ದರೂ ನಗುತ್ತಿದ್ದ. ಬಲಗೈ ಮುಂದೆ ಚಾಚಿದ. ಅಣ್ಣ ಕೈ ಮುಗಿದುಬಿಡಬಹುದಿತ್ತು, ಆದರೆ ಮುಗಿಯಲೂ ಎರಡು ಕೈ ಬೇಕಲ್ಲ! ಕೊನೆಗೆ ಅವನು ಎಡಗೈ ಚಾಚಿದ.

ಅಯ್ಯೋ ದೇವರೇ, ಎಡಗೈ! ಎಡಗೈಯಲ್ಲಿ ಒಂದು ವೀಳ್ಯದೆಲೆ ಎತ್ತಿಕೊಟ್ಟರೆ ಅಜ್ಜಿ ನನ್ನ ಬೆನ್ನಿಗೆ ಬಾರಿಸುತ್ತಿದ್ದಳು. ಭಿಕ್ಷೆಯನ್ನೂ ಯಾರೂ ಎಡಗೈಯಲ್ಲಿ ಹಾಕುತ್ತಿರಲಿಲ್ಲ. ಅಂಥದ್ದರಲ್ಲಿ ಗೆದ್ದವನು, ಸೋತವನಿಗೆ, ಸಾವಿರ ಜನರ ಎದುರು! ಬಂದರಣ್ಣನ ನಗು ಮುಖದಲ್ಲೇ ಒಣಗಿತು.

"ಎಡಗೈಯಾ?" ಎಂದ. ಅಷ್ಟೇ ಹೇಳಿ ತನ್ನ ಕೈ ಹಿಂದೆ ಎಳೆದುಕೊಂಡ.

ಆಮೇಲೆ ಆದದ್ದನ್ನು ಏನು ಹೇಳಲಿ. ಯಾರೋ ಕೂಗಿದರು, ಯಾರೋ ಮಣ್ಣು ಎರಚಿದರು, ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ಬಿದ್ದರು. ಅಪ್ಪ ನನ್ನನ್ನು ಹೆಗಲಿಗೆ ಹಾಕಿಕೊಂಡು, ಕೆಮ್ಮುತ್ತಲೇ ಓಡಿದರು. ಹಂಪನಕಟ್ಟೆಯ ಹೋಟೆಲಿನ ಮುಂದೆ ಹಾದು ಬಂದೆವು. ಕರಿದಿಟ್ಟ ಗೋಳಿಬಜೆಯ ರಾಶಿಯ ಹಿಂದೆ ಹೋಟೆಲಿನವರು ದಾರಿ ನೋಡುತ್ತ ನಿಂತಿದ್ದರು. ಆ ದಿನ ನನಗೂ ಅದು ಬೇಡವಾಗಿತ್ತು.

ಮನೆಗೆ ಬಂದು ಅಣ್ಣ ಪಂಚೆಯೊಳಗಿನಿಂದ ಕೈ ತೆಗೆದ. ಬೆರಳು ನೀಲಿಯಾಗಿ ಬದನೆಕಾಯಿಯ ಹಾಗೆ ಊದಿತ್ತು. ಅಮ್ಮ ಅಳುತ್ತ ಎಣ್ಣೆ ಸವರಿ, ಬಿದಿರಿನ ಸೀಳಿಟ್ಟು ಬಟ್ಟೆ ಕಟ್ಟಿದಳು.

"ನಾನೀಗಲೇ ಬಂದರಿಗೆ ಹೋಗಿ ಹೇಳಿ ಬರ್ತೇನೆ. ಹೀಗೆ ಹೀಗೆ ಆದದ್ದು ಅಂತ," ಎಂದರು ಅಪ್ಪ.

"ಬೇಡ ಅಪ್ಪ. ಬಂದರಿಗೆ ಹೇಳಿದ್ದು ನಾಳೆ ಗೇಟಿಗೆ ಮುಟ್ತದೆ. ನಾನು ಹೊರಗೆ ಬಿದ್ರೆ ಗಂಜಿಗೆ ಎಂತ ಉಂಟು?" ಎಂದ ಅಣ್ಣ.

ಅಪ್ಪ ತಮ್ಮ ಕೆಮ್ಮಿನ ಮೇಲೆಯೇ ಸಿಟ್ಟು ಬಂದವರ ಹಾಗೆ ಗೋಡೆಯ ಕಡೆ ತಿರುಗಿ ಕೂತರು.

ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ ಹೆಜ್ಜೆಯ ಸದ್ದಾಯಿತು. ಬಂದರಣ್ಣ! ನನಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಅವನ ಹಿಂದೆ ಅವನ ತಂಡದ ಇಬ್ಬರಿದ್ದರು, ಅವರಲ್ಲೊಬ್ಬ ನಮ್ಮ ಮೇಸ್ತ್ರಿಯ ಹೆಂಡತಿಯ ತಮ್ಮ. ಅಣ್ಣ ಹೆಗಲ ಬೈರಾಸನ್ನು ಜಾರಿಸಿ ಕೈ ಮುಚ್ಚಿಕೊಂಡ. ಅಮ್ಮ ಎಂದಿನಂತೆ ಬೆಲ್ಲ ನೀರು ತಂದು ಜಗಲಿಯಲ್ಲಿಟ್ಟಳು. ಬಂದರಣ್ಣ ಅದರತ್ತ ನೋಡಲೂ ಇಲ್ಲ.

"ಯಾಕೆ ಮಾರಾಯ? ನಾನು ನಿನಗೆ ಎಂತ ಮಾಡಿದ್ದೇನೆ? ಅದೊಂದು ಹೇಳು, ಹೋಗ್ತೇನೆ," ಎಂದ.

ಅಣ್ಣ ಅವನನ್ನು ನೋಡಿದ, ಹಿಂದೆ ನಿಂತವರನ್ನು ನೋಡಿದ. ಹೇಳು ಅಣ್ಣ, ಹೇಳು ಎಂದು ಕೂಗಲು ಹೊರಟಿದ್ದೆ. ಅಮ್ಮ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಎಂತದೂ ಇಲ್ಲ. ಆಟ ಮುಗಿಯಿತಲ್ಲ, ಇನ್ನೆಂತ?" ಎಂದ ಅಣ್ಣ.

ಬಂದರಣ್ಣ ತಿರುಗಿ ಇಳಿಜಾರಿನಲ್ಲಿ ಇಳಿದುಹೋದ. ಪ್ರತಿ ಸಲ ಹೋಗುವಾಗ ನನ್ನ ಜಡೆ ಎಳೆಯುತ್ತಿದ್ದವನು, ಆ ದಿನ ನಾನು ಅಲ್ಲಿದ್ದೇನೆಂಬುದನ್ನೇ ಗಮನಿಸಲಿಲ್ಲ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಮರುದಿನ ಅಣ್ಣ ಬೆರಳಿಗೆ ಕಟ್ಟಿದ ಬಟ್ಟೆ ಬಿಚ್ಚಿ, ಊತ ಕಾಣದ ಹಾಗೆ ಕೈತುಂಬ ಆವೆಮಣ್ಣು ಮೆತ್ತಿಕೊಂಡು ಕೆಲಸಕ್ಕೆ ಹೋದ. ಜೊತೆಯವನೊಬ್ಬ ಮೇಸ್ತ್ರಿಯ ಕಣ್ಣು ತಪ್ಪಿಸಿ ಹಂಚನ್ನು ಅವನ ಅಂಗೈ ಮೇಲೆ ಇಡುತ್ತಿದ್ದನಂತೆ. ಕೆಲಸ ಉಳಿಯಿತು. ನಾವು ಆ ಮಳೆಗಾಲವೆಲ್ಲ ಉಂಡೆವು. ನಾನು ಉಂಡೆ, ಹಸಿದಿದ್ದೆ, ಸುಳ್ಳು ಯಾಕೆ ಹೇಳಲಿ? ಬೆರಳು ಮಾತ್ರ ಸೊಟ್ಟಗೆ ಕೂಡಿಕೊಂಡಿತು. ಮಳೆ ನಿಂತ ಮೇಲೆ ಅಪ್ಪ, "ಇನ್ನಾದ್ರೂ ಹೋಗಿ ಹೇಳು ಮಾರಾಯ," ಎಂದರು. ಅಣ್ಣ ಬಂದರಿಗೆ ಹೋದ. ಅಂಗಡಿಯಲ್ಲಿ ಬಂದರಣ್ಣನ ತಂದೆ ಮಾತ್ರ ಇದ್ದರು. ಮಗ ಬೊಂಬಾಯಿಯ ಹಡಗು ಹತ್ತಿ ಹೋದ ಎಂದರು. ಅಣ್ಣನಿಗೆ ಕೂರಲು ಹೇಳಲಿಲ್ಲ, ಅವನು ಹೇಳಲು ಹೊರಟದ್ದನ್ನು ಕೇಳಲೂ ಇಲ್ಲ. ಬಂದರಣ್ಣ ಮತ್ತೆ ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ಮರುವರ್ಷ ಪಂದ್ಯವೂ ನಡೆಯಲಿಲ್ಲ. ನಾನು ಮದುವೆಯಾಗಿ ಹೋಗುವವರೆಗೂ ಬಂದರಿನ ಪೇಟೆಯಲ್ಲಿ ಒಂದು ಮಾತಿತ್ತು, "ಹಂಚಿನವರಾ? ಎಡಗೈ ಕೊಡುವವರು!"

ಮೊನ್ನೆ ನೀವು ಟಿವಿ ಮುಂದೆ ಕೂತು ಜಗಳವಾಡಿದಿರಲ್ಲ, ಸರಣಿ ಮುಗಿದ ಮೇಲೆ ಎರಡು ತಂಡಗಳು ಕೈ ಕುಲುಕಬೇಕಾ ಬೇಡವಾ ಎಂದು? ಕೈ ಕೊಡದವನಿಗೆ ಸೊಕ್ಕು ಎಂದು ಒಬ್ಬ, ಮಾಡಿದ್ದು ಸರಿ ಎಂದು ಇನ್ನೊಬ್ಬಳು. ನಡುವೆ ನನ್ನನ್ನೂ ಕೇಳಿದಿರಿ, ನಾನು ಎದ್ದು ಒಳಗೆ ಹೋದೆ. ಕೊಡಬೇಕು ಮಕ್ಕಳೇ, ನನ್ನ ಮಾತು ಅದೇ. ನಿಮ್ಮ ಆಟಗಾರರಿಗೆ ಪೆಟ್ಟಾದರೆ ಪೆಟ್ಟಿಗೆ ಹಿಡಿದು ಡಾಕ್ಟರು ಓಡಿ ಬರುತ್ತಾರೆ, ಕೈ ಮುರಿದದ್ದನ್ನು ಮುಚ್ಚಿಡುವ ಗತಿ ಅವರಿಗಿಲ್ಲ. ಅಷ್ಟರಮಟ್ಟಿಗೆ ಪುಣ್ಯವಂತರು.

ಆದರೆ ಯಾರಾದರೂ ಕೊಡದಿದ್ದರೆ, ಯಾಕೆ ಎಂದು ಕೇಳಲು ಒಬ್ಬನೇ ಹೋಗಬೇಕು. ಬಂದರಣ್ಣ ಒಳ್ಳೆಯವನು, ಕೇಳಲು ಬಂದೇ ಬಂದ. ಒಬ್ಬನೇ ಬಂದಿದ್ದರೆ ಅಣ್ಣ ಬೈರಾಸು ಸರಿಸಿ ಕೈ ತೋರಿಸಿಬಿಡುತ್ತಿದ್ದ. ಅಂಗಳದಲ್ಲಿ ಇಬ್ಬರು ನಿಂತದ್ದಕ್ಕೇ ಅವನ ಬಾಯಿ ಕಟ್ಟಿಹೋಯಿತು. ನಿಮ್ಮ ಆಟಗಾರರ ಅಂಗಳದಲ್ಲಿ ಈಗ ಇಡೀ ದೇಶವೇ ಮೊಬೈಲ್ ಹಿಡಿದು ನಿಂತಿರುತ್ತದೆ. ಪಾಪ, ಅವರು ಯಾರ ಹತ್ತಿರ ಏನು ಹೇಳಿಯಾರು?