ಗೆರೆ ಮುಟ್ಟಿದ ಮುದ್ದಣ್ಣ

ಮುದ್ದಣ್ಣನ ಕಥೆ ಕೇಳಿದವರೆಲ್ಲ ನಗುತ್ತಾರೆ. ಮೊದಮೊದಲು ನಾನೂ ನಗಿಸಲೆಂದೇ ಹೇಳುತ್ತಿದ್ದೆ. ಈಗ ಯಾರಾದರೂ ನಕ್ಕರೆ ನನಗೆ ಸಿಟ್ಟು ಬರುತ್ತದೆ.

ಅವನು ಮೂಲ್ಕಿಯವನು. ಕೊಲ್ಲಿ ಯುದ್ಧ ಮುಗಿದ ಮೇಲಿನ ಎರಡನೆಯ ಚಳಿಗಾಲದಲ್ಲಿ ನಾವಿಬ್ಬರೂ ಬಹರೈನಿನ ಅಸ್ಕರ್‌ನ ಕ್ಯಾಂಪಿನಲ್ಲಿದ್ದೆವು. ಪಕ್ಕದ ಅಲ್ಯೂಮಿನಿಯಂ ಕಾರ್ಖಾನೆಯ ಹೊಸ ಕಟ್ಟಡಗಳನ್ನು ಕಟ್ಟಲು ಬಂದ ಗುತ್ತಿಗೆ ಕಂಪನಿ ನಮ್ಮದು. ಅವನು ಸ್ಕ್ಯಾಫೋಲ್ಡರ್, ಎಂದರೆ ಕಬ್ಬಿಣದ ಪೈಪು ಜೋಡಿಸಿ ಆಕಾಶದೆತ್ತರ ಅಟ್ಟ ಕಟ್ಟುವವನು. ನಾನು ಕಿನ್ನಿಗೋಳಿಯ ಲ್ಯಾನ್ಸಿ, ಅದೇ ಕಂಪನಿಯ ಸ್ಟೋರ್ ಗುಮಾಸ್ತ. ಕ್ರಿಸ್ತಿಯನ್ನರನ್ನು ಕರೆಯುವ ನಮ್ಮೂರ ರೂಢಿಯಂತೆ ಅವನು ನನ್ನನ್ನು ‘ಪೊರ್ಬುಗಳೇ’ ಎನ್ನುತ್ತಿದ್ದ.

ಕಂಪನಿಯ ಕೆಲಸ ಮುಗಿಯುತ್ತಾ ಬಂದಿತ್ತು. ಏಪ್ರಿಲ್ ಹೊತ್ತಿಗೆ ನೂರಾರು ಜನರ ವೀಸಾ ಕ್ಯಾನ್ಸಲ್ ಆಗುವುದು ಎಲ್ಲರಿಗೂ ಗೊತ್ತಿತ್ತು. ಹಿದ್‌ನಲ್ಲಿ ಹಡಗು ರಿಪೇರಿಯ ಒಂದು ಕಂಪನಿ ಮುದ್ದಣ್ಣನನ್ನು ತೆಗೆದುಕೊಳ್ಳಲು ತಯಾರಿತ್ತು. ಆದರೆ ಹಳೆಯ ಕಂಪನಿ ‘ರಿಲೀಸ್’ ಎಂಬ ಒಪ್ಪಿಗೆ ಕೊಡದೆ ಯಾರೂ ಕೆಲಸ ಬದಲಿಸುವಂತಿರಲಿಲ್ಲ. ಊರಿನಲ್ಲಿ ಅವನ ತಂಗಿ ಸುರಕ್ಷಾಳ ಮದುವೆ ಮೇ ತಿಂಗಳಿಗೆ ಗೊತ್ತಾಗಿತ್ತು. ಗಂಡಿನ ಕಡೆಯವರು ಒಪ್ಪಿದ್ದೇ ‘ಅಣ್ಣ ಬಹರೈನ್‌ನಲ್ಲಿದ್ದಾನೆ’ ಎಂಬ ಒಂದು ಮಾತಿನ ಮೇಲೆ. ಅಣ್ಣ ಪೆಟ್ಟಿಗೆ ಹಿಡಿದು ವಾಪಸು ಬಂದರೆ ಆ ಮಾತಿಗೆ ಬೆಲೆಯೇನು?

ಪ್ರತಿ ಶುಕ್ರವಾರ ಕ್ಯಾಂಪಿನ ಹಿಂದೆ ನಮ್ಮವರು ಕಬಡ್ಡಿ ಆಡುತ್ತಿದ್ದರು. ಮುದ್ದಣ್ಣ ರೈಡಿಗೆ ಹೋದರೆ ನೋಡಬೇಕು. ಐದು ಜನ ಮೇಲೆ ಬಿದ್ದರೂ ಅಷ್ಟೂ ಜನರನ್ನು ಬೋಟಿನವರು ಬಲೆ ಎಳೆದ ಹಾಗೆ ಎಳೆದುಕೊಂಡು ಬಂದು, ನಡುಗೆರೆಗೆ ಬೆರಳ ತುದಿ ತಾಗಿಸುತ್ತಿದ್ದ. ತಾಗಿದರೆ ಮುಗಿಯಿತು, ಅವನು ಬದುಕಿದ, ಹಿಡಿದವರೆಲ್ಲ ಔಟ್. ಒಂದು ಶುಕ್ರವಾರ ನಮ್ಮ ಸೈಟ್ ಮ್ಯಾನೇಜರ್ ವಿಲ್ಕಿನ್ಸ್ ಸಾಹೇಬರು ಕಾರು ನಿಲ್ಲಿಸಿ ಇದನ್ನು ನೋಡಿದರು. ಅವರಿಗೆ ರಗ್ಬಿ ಹುಚ್ಚು. ಗುತ್ತಿಗೆ ಕಂಪನಿಗಳ ಇಂಗ್ಲಿಷರನ್ನು ಸೇರಿಸಿ ಅಸ್ಕರ್ ತಂಡವೆಂದು ಒಂದನ್ನು ಕಟ್ಟಿಕೊಂಡಿದ್ದರು. ಮನಾಮದ ಬ್ಯಾಂಕಿನವರ ತಂಡದ ಎದುರು ಅದು ವರ್ಷವೂ ಸೋಲುತ್ತಿತ್ತು. ಮರುದಿನವೇ ಮುದ್ದಣ್ಣನನ್ನು ಕರೆಸಿದರು. ಅವನಿಗೆ ಇಂಗ್ಲಿಷ್ ಬಾರದು, ಆದ್ದರಿಂದ ನಾನೂ ಹೋಗಬೇಕಾಯಿತು. ಹೀಗೆ ಆ ಸೀಸನ್ ಪೂರ್ತಿ ನಾನು ಗೆರೆಯಾಚೆ ನಿಂತು ತುಳುವಿನಲ್ಲಿ ಕೂಗುವ ಕೆಲಸಕ್ಕೆ ಬಿದ್ದೆ.

“ಇದೆಂತ ಆಟ ಪೊರ್ಬುಗಳೇ? ಮುಂದೆ ಹೋಗ್ಲಿಕ್ಕೆ ಚೆಂಡನ್ನು ಹಿಂದೆ ಬಿಸಾಡುದು!” ಎಂದು ಮೊದಲ ದಿನ ತಲೆ ಕೆರೆದುಕೊಂಡ.

“ನಿಂಗೆ ಚೆಂಡಿನ ಉಸಾಬರಿ ಬೇಡ ಮಾರಾಯ. ಚೆಂಡು ಹಿಡ್ಕೊಂಡು ಓಡುವವನ ಕಾಲು ಹಿಡಿ, ಅಷ್ಟೇ.”

ಅಷ್ಟನ್ನೇ ಮಾಡಿದ. ಹುಲ್ಲಿಲ್ಲದ, ನೀರು ಹೊಡೆದು ರೋಲರ್ ಉರುಳಿಸಿದ ಮರಳಿನ ಮೈದಾನದಲ್ಲಿ ಆರಡಿ ಆಳುಗಳನ್ನು ಪಾದ ಹಿಡಿದು ಮಲಗಿಸಿದ. ಹಿಡಿಯುವಾಗ ಬಾಯಲ್ಲಿ ‘ಕಬಡ್ಡಿ ಕಬಡ್ಡಿ’ ತಾನಾಗಿ ಬರುತ್ತಿತ್ತು. ಎದುರಿನವರು ಏನೋ ಮಂತ್ರವೆಂದು ಹೆದರಿದರು. ಜನವರಿ ಹೊತ್ತಿಗೆ ನಮ್ಮ ಇಂಗ್ಲಿಷರೂ ‘ಕಬಡ್ಡಿ’ ಎನ್ನತೊಡಗಿದ್ದರು. ಅವನ ಹೆಸರನ್ನು ಮೊಟಕು ಮಾಡಿ ‘ಮಡ್’ ಎಂದು ಕರೆದರು. ಕೆಸರು ಎಂದರ್ಥ ಎಂದು ನಾನು ಹೇಳಿದೆ. “ಇರ್ಲಿ ಬಿಡಿ, ಪ್ರೀತಿಯಿಂದ ಕರಿಯುದಲ್ವಾ” ಎಂದ. ವರ್ಷವೂ ಸೋಲುತ್ತಿದ್ದ ತಂಡ ಫೈನಲ್ ತಲುಪಿತು.

ಆ ಸಂಜೆ ಕ್ಲಬ್ಬಿನಲ್ಲಿ ವಿಲ್ಕಿನ್ಸ್ ಸಾಹೇಬರು ಬಿಯರ್ ಗ್ಲಾಸು ಎತ್ತಿ, “ಮಡ್! ಕಪ್ ಗೆಲ್ಲಿಸಿಕೊಡು, ಏನು ಬೇಕಾದರೂ ಕೇಳು, ಕೊಡುತ್ತೇನೆ” ಎಂದರು. ಇದ್ದದ್ದನ್ನು ಇದ್ದ ಹಾಗೆ ತುಳುವಿನಲ್ಲಿ ಹೇಳಿದೆ. ಮುದ್ದಣ್ಣ ಪೆಪ್ಸಿ ಕೆಳಗಿಟ್ಟು ಎದ್ದು ನಿಂತ. “ರಿಲೀಸ್ ಬೇಕು ಅಂತ ಹೇಳಿ ಪೊರ್ಬುಗಳೇ.” ಹೇಳಿದೆ. ಸಾಹೇಬರು ಗಹಗಹಿಸಿ ನಕ್ಕು, “ಡನ್!” ಎಂದು ಅವನ ಅಂಗೈಗೆ ಅಂಗೈ ಹೊಡೆದರು.

ಬಸ್ಸಿನಲ್ಲಿ ಬರುವಾಗ ನಾನು ಎಚ್ಚರಿಸಿದೆ. “ಅದು ಕುಡಿದ ಬಾಯಿಯ ತಮಾಷೆ ಮುದ್ದಣ್ಣ. ನಂಬಿ ಕೂರ್ಬೇಡ.”

“ಎಂತ ತಮಾಷೆ? ನಾಲ್ಕು ಜನರೆದುರು ಕೈಗೆ ಕೈ ಹೊಡ್ದು ಹೇಳಿದ್ದಾರೆ. ನಮ್ಮಲ್ಲಿ ಹಾಗೆ ಹೇಳಿದ್ಮೇಲೆ ಮಾತು ತಿರುಗ್ಸುದುಂಟಾ?”

ನಮ್ಮ ಕಡೆ ದೈವದೆದುರು ಆಡಿದ ನುಡಿಗೆ ಇರುವ ತೂಕವನ್ನು ಅವನು ಆ ಒಂದು ಗ್ಲಾಸು ಬಿಯರಿಗೆ ಕೊಟ್ಟಿದ್ದ. ಆ ವಾರವೇ ಊರಿಗೆ ಫೋನು ಮಾಡಿ, ಕೆಲಸ ಗಟ್ಟಿಯಾಯಿತು, ಮದುವೆಗೆ ಚಪ್ಪರದವನಿಗೆ ಹೇಳಿ ಎಂದುಬಿಟ್ಟ. 

ಫೈನಲ್ ಬ್ಯಾಂಕಿನವರ ಮೇಲೆ. ಆಟ ಇನ್ನೇನು ಮುಗಿಯಿತು ಎನ್ನುವಾಗ ನಾವು ಕೆಲವೇ ಅಂಕ ಹಿಂದಿದ್ದೆವು. ಚೆಂಡನ್ನು ಎದುರಿನವರ ಗೆರೆಯ ಮೇಲೋ ಆಚೆಗೋ ನೆಲಕ್ಕೆ ಒತ್ತಿದರೆ ಕಪ್ ನಮ್ಮದು. ಬರೀ ಮನುಷ್ಯ ಮುಟ್ಟಿದರೆ ಸಾಲದು, ಚೆಂಡು ಮುಟ್ಟಬೇಕು. ಇದನ್ನು ನಾನು ಅವನಿಗೆ ಹೇಳಿರಲಿಲ್ಲವೆಂದಲ್ಲ, ಹತ್ತು ಸಲ ಹೇಳಿದ್ದೆ. ಆದರೆ ಸೀಸನ್ ಉದ್ದಕ್ಕೂ ಜನರನ್ನು ಹಿಡಿದ ಅವನ ಕೈಗೆ ಚೆಂಡು ಸಿಕ್ಕಿದ್ದೇ ಅಪರೂಪ. ಈಗ ಯಾರದೋ ಕೈ ತಪ್ಪಿದ ಚೆಂಡು ಪುಟಿದು ನೇರ ಅವನ ಎದೆಗೆ ಬಂತು.

ಓಡಿದ. ಒಬ್ಬ ಸೊಂಟಕ್ಕೆ ಬಿದ್ದ, ಒಬ್ಬ ಕಾಲಿಗೆ, ಮತ್ತೊಬ್ಬ ಬೆನ್ನ ಮೇಲೆ ಹತ್ತಿದ. ಮುದ್ದಣ್ಣ ನಿಲ್ಲಲಿಲ್ಲ, ಮೂವರನ್ನೂ ಎಳೆದ. ‘ಕಬಡ್ಡಿ ಕಬಡ್ಡಿ ಕಬಡ್ಡಿ’ ಗೆರೆಯಾಚೆ ನಿಂತ ನನಗೂ ಕೇಳುತ್ತಿತ್ತು. ಗೆರೆಯ ಹತ್ತಿರ ಮುಗ್ಗರಿಸಿದ. “ಚೆಂಡು ಬಿಡ್ಬೇಡ! ಚೆಂಡು!” ಎಂದು ಗಂಟಲು ಹರಿಯುವಂತೆ ಕಿರುಚಿದೆ. ಅವನ ಎಡಗೈ ಮೈಯಡಿಗೆ ಸಿಕ್ಕಿತ್ತು. ಬಲಗೈಯಲ್ಲಿ ಚೆಂಡು. ಹುಟ್ಟಿದಾಗಿನಿಂದ ಕಲಿತದ್ದನ್ನೇ ಆ ಕೈ ಮಾಡಿತು. ಚೆಂಡನ್ನು ಕೊಡವಿ ಬಿಟ್ಟು, ತೋಳು ಚಾಚಿ, ಬೆರಳ ತುದಿಯನ್ನು ಬಿಳಿಗೆರೆಯ ಮೇಲೆ ಒತ್ತಿತು.

ರೆಫರಿ ಸೀಟಿ ಊದಿದ. ಮುದ್ದಣ್ಣ ಆ ಮೂವರ ಅಡಿಯಿಂದ ಎದ್ದು ಎರಡೂ ಕೈ ಮೇಲೆತ್ತಿ ಕುಣಿದ. ತಾನು ಬದುಕಿದೆ, ಹಿಡಿದ ಮೂವರೂ ಔಟ್! ಬ್ಯಾಂಕಿನವರು ಕುಣಿಯುವುದನ್ನೂ ನಮ್ಮವರು ತಲೆ ಹಿಡಿದು ಕೂತದ್ದನ್ನೂ ಕಂಡು ಅವನ ಕೈ ಮೆಲ್ಲಗೆ ಇಳಿಯಿತು. ನನ್ನ ಕಡೆ ನೋಡಿದ. ಅವನ ಭಾಷೆ ಬಲ್ಲವನು ಇಡೀ ಮೈದಾನದಲ್ಲಿ ನಾನೊಬ್ಬನೇ. ಆ ಮರಳಿನ ಮೇಲೆ ನಡೆದು ಹೋಗಿ ಅವನಿಗೆ ಸೋತೆವೆಂದು ಹೇಳಿದಷ್ಟು ಕಷ್ಟದ ಕೆಲಸವನ್ನು ನಾನು ಮಾಡಿಲ್ಲ.

ಯಾರೂ ಬೈಯಲಿಲ್ಲ. ಬೆನ್ನು ತಟ್ಟಿ, ಮುಂದಿನ ಸೀಸನ್‌ಗೆ ನೋಡೋಣ ಮಡ್, ಎಂದರು. ಮುಂದಿನ ಸೀಸನ್ ಅಂತೆ!

ಅವನು ಹಟ ಹಿಡಿದದ್ದಕ್ಕೆ ನಾನೇ ಅವನನ್ನು ಸಾಹೇಬರ ಆಫೀಸಿಗೆ ಕರೆದುಕೊಂಡು ಹೋದೆ. ಕ್ಲಬ್ಬಿನ ಮಾತು ನೆನಪಿಸಿದಾಗ ಸಾಹೇಬರ ಮುಖ ಕೆಂಪಾಯಿತು. ಒಳ್ಳೆಯ ಮನುಷ್ಯರೇ, ಸುಳ್ಳು ಹೇಳಲಿಲ್ಲ. ರಿಲೀಸ್ ಕೊಡುವುದು ನಮ್ಮೆಲ್ಲರ ವೀಸಾ ಮಾಡಿಸಿದ ಅರಬ ಸ್ಪಾನ್ಸರನ ಆಫೀಸು, ಈ ಸಲ ಯಾರಿಗೂ ಕೊಡುವುದಿಲ್ಲವೆಂದು ಕ್ರಿಸ್ಮಸ್‌ಗೆ ಮೊದಲೇ ಹೇಳಿಯಾಗಿದೆ, ತನ್ನದೇ ಕೆಲಸ ಮುಂದಿನ ತಿಂಗಳಿಗೆ ಮುಗಿಯುತ್ತದೆ, ಕಪ್ ಬಂದಿದ್ದರೂ ತನ್ನಿಂದ ಏನೂ ಆಗುತ್ತಿರಲಿಲ್ಲ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ವರ ಕೊಟ್ಟವನು ದೇವರೇ ಆಗಿರಲಿಲ್ಲ. ನಾನು ಒಂದಕ್ಷರ ಬಿಡದೆ ಹೇಳಿದೆ.

ಮುದ್ದಣ್ಣ ನಂಬಲಿಲ್ಲ. “ಇಲ್ಲ ಪೊರ್ಬುಗಳೇ. ನಾನು ಸೋಲ್ಸಿದ ಬೇಜಾರಲ್ಲಿ ಹಾಗೆ ಹೇಳುದು. ಗೆದ್ದಿದ್ರೆ ಕೊಡ್ತಿದ್ರು.”

ಏಪ್ರಿಲ್‌ನಲ್ಲಿ ಅವನನ್ನು ಕಳಿಸಿದರು. ನಾನು ಏರ್‌ಪೋರ್ಟಿಗೆ ಹೋಗಿದ್ದೆ. ಏನು ಮಾತಾಡಿದೆವೋ ನೆನಪಿಲ್ಲ.

ಜೂನ್‌ನಲ್ಲಿ ರಜೆಗೆ ಬಂದವನು ಮೂಲ್ಕಿಗೆ ಹೋದೆ. ಮನೆಯಲ್ಲಿ ಮದುವೆಯ ಸುದ್ದಿ ಯಾರೂ ಎತ್ತಲಿಲ್ಲ. ಗಂಡಿನ ಕಡೆಯವರು ಬೇರೆ ಕಡೆ ನೋಡಿಕೊಂಡರೆಂದು ದಾರಿಯಲ್ಲೇ ಕೇಳಿದ್ದೆ. ಮುದ್ದಣ್ಣ ಪೇಟೆಗೆ ಹೋಗಿದ್ದ. ಸುರಕ್ಷಾ ಬೆಲ್ಲ, ನೀರು ತಂದಿಟ್ಟು ಬಾಗಿಲ ಹತ್ತಿರ ನಿಂತಳು. ಅಲ್ಲಿಂದಲೇ ಕೇಳಿದಳು.

“ಅಣ್ಣನ ಕೈ ಗೆರೆಗೆ ತಾಗಿತ್ತಂತೆ. ಹೌದಾ ಪೊರ್ಬುಗಳೇ? ನೀವು ನೋಡಿದ್ದೀರಂತೆ.”

“ಹೌದಮ್ಮ. ತಾಗಿತ್ತು. ನಾನು ಕಣ್ಣಾರೆ ನೋಡಿದ್ದೇನೆ.”

“ಮತ್ತೆ ಅವನನ್ನು ಯಾಕೆ ಕಳಿಸಿದ್ರು?”

ನಾನು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದೆ.