ಭಾಗ್ಯಜ್ಯೋತಿಯ ಮೂಗು ಮತ್ತು ಜಲಜನಕದ ಗುಳಿಗೆ

ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಬೀದಿ ಇನ್ನೂ ಎದ್ದಿಲ್ಲ. ಅದರ ಹಿಂದಿನ ತಗಡಿನ ಶೆಡ್ಡಿನಲ್ಲಿ ಆಗಲೇ ಜರಡಿಯ ಸದ್ದು. ಭಾಗ್ಯಜ್ಯೋತಿ ಮೋಟು ಸ್ಟೂಲಿನ ಮೇಲೆ ಕೂತು ಕಂದು ಗುಳಿಗೆಗಳನ್ನು ಜರಡಿ ಹಿಡಿಯುತ್ತಿದ್ದಾರೆ. ಮುರಿದದ್ದು ಕೆಳಕ್ಕೆ, ಗಟ್ಟಿಯದ್ದು ಡ್ರಮ್ಮಿಗೆ. ಲಾರಿ ಬರುವಷ್ಟರಲ್ಲಿ ಇಪ್ಪತ್ತು ಡ್ರಮ್ಮು ತುಂಬಬೇಕು.

ಇದು ತಿನ್ನುವ ಗುಳಿಗೆಯಲ್ಲ. ಬಹುಪಾಲು ಕಬ್ಬಿಣದ ತುಕ್ಕು. ಕಾವಿಗೆ ಕಬ್ಬಿಣದ ಕಣಗಳು ಒಂದಕ್ಕೊಂದು ಅಂಟಿಕೊಳ್ಳದಿರಲೆಂದು ಒಂದಿಷ್ಟು ಕ್ರೋಮಿಯಂ. ದೊಡ್ಡ ಕಾರ್ಖಾನೆಗಳಲ್ಲಿ ಇದನ್ನು ಉಕ್ಕಿನ ಹಂಡೆಗಳಿಗೆ ಸುರಿದು, ಅದರ ಮೂಲಕ ಕಾರ್ಬನ್ ಮಾನಾಕ್ಸೈಡ್ ಅನ್ನೂ ನೀರಿನ ಹಬೆಯನ್ನೂ ಹಾಯಿಸುತ್ತಾರೆ. ಆಚೆ ಜಲಜನಕ ಬರುತ್ತದೆ. ಗುಳಿಗೆ ತಾನು ಖರ್ಚಾಗದೆ ಆ ಕೆಲಸ ನಡೆಸಿಕೊಡುತ್ತದೆ. ‘ವೇಗವರ್ಧಕ’ ಎಂದು ಡ್ರಮ್ಮಿನ ಚೀಟಿ ಹೇಳುತ್ತದೆ. ಇಲ್ಲಿಯವರಿಗೆ ಅದು ಬರೀ ‘ಮಾಲು’.

ಹುಳಿಮಾವಿನ ಭಾಗ್ಯಜ್ಯೋತಿ ದುಡಿಯುತ್ತಿದ್ದ ಗಾರ್ಮೆಂಟ್ಸ್ ಮುಚ್ಚಿದಾಗ ಇಲ್ಲಿ ಸೇರಿದವರು. ಹನ್ನೊಂದು ವರ್ಷ ಅವರ ಜಾಗ ಕಲಸುವ ತೊಟ್ಟಿಯ ಪಕ್ಕ. ಕಬ್ಬಿಣದ ನೀರಿಗೆ ಕ್ರೋಮಿಯಂ ಹಾಕಿ ಕದಡುವುದು, ಸೋಸುವುದು, ಒಣಗಿದ್ದನ್ನು ಪುಡಿ ಮಾಡುವುದು. “ಕೈಯೆಲ್ಲಾ ಹಳದಿ ಆಗೋದು, ಅರಿಶಿನ ಹಚ್ಕೊಂಡಂಗೆ. ಮದ್ವೆ ಹೆಣ್ಣು ಬಂದ್ಲು ಅಂತ ನಗಾಡ್ತಿದ್ವಿ ಸಾರ್. ಬೆಳಗ್ಗೆ ಮೂಗಲ್ಲಿ ರಕ್ತ ಬಂದ್ರೆ ಉಷ್ಣ ಅಂದ್ಕೊಂಡು ಎಳನೀರು ಕುಡೀತಿದ್ವಿ.”

ಎರಡು ವರ್ಷದ ಹಿಂದೆ ಒಂದು ದಿನ ಅಡುಗೆಮನೆಯಲ್ಲಿ ಲೈಟರ್ ಹಿಡಿದು ನಿಂತಿದ್ದಾಗ ಅತ್ತೆ ಲಕ್ಷ್ಮಮ್ಮ ಹಿಂದಿನಿಂದ ಬಂದು ಕೈ ಹಿಡಿದೆಳೆದರು. ಮನೆ ತುಂಬಾ ಗ್ಯಾಸು. ಸೊಸೆಯ ಮೂಗಿಗೆ ಏನೂ ತಿಳಿದಿರಲಿಲ್ಲ.

ಡಾಕ್ಟರು ಒಂದು ಹೊಳ್ಳೆಗೆ ಬೆಳಕು ಬಿಟ್ಟರೆ ಇನ್ನೊಂದರಲ್ಲಿ ಕಂಡಿತು. ನಡುವಿನ ಗೋಡೆ ತೂತಾಗಿತ್ತು. ಏನು ಕೆಲಸ ಎಂದು ಕೇಳಿದರು. “ಗುಳಿಗೆ ಮಾಡ್ತೀನಿ ಅಂದೆ. ಮೆಡಿಸನ್ ಕಂಪನೀನಾ ಅಂದ್ರು. ಇಲ್ಲ, ಕ್ರೋಮಿಯಂ ಅಂದೆ. ಮೊದ್ಲು ಆ ಜಾಗ ಬಿಡಿ ಅಂದ್ರು.”

ಮಾಲೀಕರು ಜಯಸಿಂಹ, ಜಯನಗರದವರು, ಗದರಿ ಮಾತಾಡಿದವರಲ್ಲ. ಡಾಕ್ಟರ ಮಾತು ಹೇಳಲು ಹೋದಾಗಲೂ ಕುರ್ಚಿ ಕೊಟ್ಟು ಕೂರಿಸಿದರು. “ನೋಡಮ್ಮಾ, ಮೂವತ್ತು ವರ್ಷದಿಂದ ಈ ಶೆಡ್ಡಲ್ಲೇ ಓಡಾಡ್ತಿದೀನಿ. ನನಗೇನಾಗಿದೆ ಹೇಳಿ?”

“ಅವ್ರು ಓಡಾಡ್ತಾರೆ ಸಾರ್, ನಾವು ಕೂತಿರ್ತೀವಿ” ಎನ್ನುತ್ತಾರೆ ಭಾಗ್ಯಜ್ಯೋತಿ.

ಕ್ರೋಮಿಯಂ ಇಲ್ಲದ ಗುಳಿಗೆಯೂ ಇದೇ ಶೆಡ್ಡಿನಲ್ಲಿ ತಯಾರಾಗುತ್ತದೆ ಎಂದು ಅವರಿಗೆ ಗೊತ್ತಾದದ್ದು ಆಮೇಲೆ. ಗಾಜಿನ ಗೋಡೆಯಾಚೆ, ಹೊಸ ಮಷೀನಿನಲ್ಲಿ. ಹೊರದೇಶದವರು ವಿಷದ ಮಾಲು ಬೇಡ ಎಂದಿದ್ದರಿಂದ ಅವರಿಗೆಂದೇ ಬೇರೆ ಸಾಲು. ಇಲ್ಲಿನ ಖರೀದಿದಾರರು ಬೇಡ ಎಂದಿಲ್ಲವಾದ್ದರಿಂದ ಹಳೆಯ ತೊಟ್ಟಿ ನಿಂತಿಲ್ಲ. ತನ್ನನ್ನು ಗಾಜಿನಾಚೆಯ ಕೆಲಸಕ್ಕೆ ಹಾಕಿ ಎಂದು ಭಾಗ್ಯಜ್ಯೋತಿ ಕೇಳಿದರು. ಅಲ್ಲಿಗೆ ಡಿಪ್ಲೊಮಾ ಆದವರೇ ಬೇಕಂತೆ.

ಹೊರದೇಶದ ಖರೀದಿದಾರರು ಕಾರಿನಲ್ಲಿ ಬಂದ ಬೆಳಗ್ಗೆ ಭಾಗ್ಯಜ್ಯೋತಿ ತೊಟ್ಟಿಯ ಕೆಲಸದ ಇನ್ನಿಬ್ಬರನ್ನು ಕರೆದುಕೊಂಡು ಗೇಟಿನ ಹೊರಗೆ ನಿಂತರು. ಕೂಗಲಿಲ್ಲ. ಒಳಗೆ ಹೋಗಲಿಲ್ಲ, ಅಷ್ಟೇ. ಕಾರು ಹೊರಟ ಮೇಲೆ ಅವರಿಬ್ಬರಿಗೂ ನಾಳೆಯಿಂದ ಬರಬೇಡಿ ಎಂದಾಯಿತು. ಮುಂದಿನ ವಾರ ಗೋಡೆಗೆ ಫ್ಯಾನು ಬಂತು, ಮಾಸ್ಕು ಬಂತು. ಹಳಬರೆಂದು ಭಾಗ್ಯಜ್ಯೋತಿಯನ್ನು ಜರಡಿಗೆ ಹಾಕಿದರು.

“ಅವ್ರನ್ನ ಕರ್ಕೊಂಡು ಹೋಗಿದ್ದು ನಾನು. ಉಳ್ಕೊಂಡಿದ್ದೂ ನಾನೇ” ಎಂದು ಜರಡಿ ನಿಲ್ಲಿಸುತ್ತಾರೆ. “ರಸ್ತೇಲಿ ಸಿಕ್ರೆ ಮಾತಾಡ್ಸಲ್ಲ. ಯಾಕೆ ಮಾತಾಡ್ಸ್ತಾರೆ?”

ತೊಟ್ಟಿಗೆ ಈಗ ಹೊಸಬಳು ಬಂದಿದ್ದಾಳೆ, ಜಯದೇವಿ. ಇಪ್ಪತ್ತಾರರ ಹೆಂಗಸು. ಸೆಕೆಗೆ ಮಾಸ್ಕನ್ನು ಗಲ್ಲಕ್ಕಿಳಿಸಿ ಕಲಸುತ್ತಾಳೆ. “ಅಕ್ಕಾ, ಸುಮ್ನೆ ಹೆದ್ರಿಸ್ಬೇಡಿ” ಎನ್ನುತ್ತಾಳೆ. ಹೋದ ವಾರ ಅವಳಿಗೂ ಮೂಗಿನಲ್ಲಿ ರಕ್ತ ಬಂತು. ಭಾಗ್ಯಜ್ಯೋತಿ ಅವಳನ್ನು ಅದೇ ಡಾಕ್ಟರ ಬಳಿ ಎಳೆದೊಯ್ದರು. ಇನ್ನೂ ತೂತಾಗಿಲ್ಲ.

ಗೇಟಿನ ಬಳಿ ಲಾರಿ ಹಾರ್ನ್ ಹೊಡೆಯುತ್ತದೆ. ಪತ್ರಿಕೆಯಲ್ಲಿ ಹೆಸರು ಬದಲಾಯಿಸಿ ಬರೆಯೋಣವೇ ಎಂದು ಕೇಳಿದರೆ ಭಾಗ್ಯಜ್ಯೋತಿ ತಲೆ ಅಲ್ಲಾಡಿಸುತ್ತಾರೆ.

“ಬೇಡ ಸಾರ್, ನಂದೇ ಹಾಕಿ. ಫೋಟೋನೂ ಹಾಕಿ. ಆ ಹುಡ್ಗಿ ಹೆಸ್ರು ಮಾತ್ರ ಬೇರೆ ಮಾಡಿ, ಅವ್ಳಿಗೆ ಇನ್ನೂ ಕೆಲ್ಸ ಬೇಕು.”

ಜಯದೇವಿ ಎಂಬುದು ಆಕೆಯ ನಿಜವಾದ ಹೆಸರಲ್ಲ.