ಹವಾಲ್ದಾರರ ಡಬ್ಬಿಯ ಚಹಾ

ಗೋಕಾಕದ ನನ್ನ ಚಹಾದಂಗಡಿಗೆ ದಿನಾ ಬರುತ್ತಿದ್ದ ಹವಾಲ್ದಾರರು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಮೂಸಿಯೇ ಕುಡಿಯುತ್ತಿದ್ದರು. ಬಾಜೂ ಕೂತವರಿಗೂ "ಮೊದಲ ಮೂಗಿಗೆ ಕೊಡ್ರಿ, ಆಮ್ಯಾಲೆ ಬಾಯಿಗೆ" ಎನ್ನುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಪಲ್ಟನ್ನಿನ ಜೊತೆ ಜಪಾನಿನಲ್ಲಿ ಇದ್ದು ಬಂದವರು.

ಒಂದು ಸಂಜೆ ತಗಡಿನ ಡಬ್ಬಿ ಕೊಟ್ಟರು. "ಜಪಾನದ ಚಹಾ, ಉಳಿದದ್ದು ಇದ ಕಡೀ ಮುಷ್ಟಿ. ನಾಳೆ ಇಬ್ಬರೂ ಕುಡಿಯೂಣು. ಹಾಲು, ಬೆಲ್ಲ ಹಾಕಬ್ಯಾಡ್ರಿ."

ಅವರು ಹೋದ ಮೇಲೆ ಮುಚ್ಚಳ ತೆಗೆದೆ. ಹಸಿರು ಎಲೆಯ ನಡುವೆ ಕಂದು ಅಕ್ಕಿಕಾಳು! ಚಹಾಪುಡಿಗೆ ಕಡಲೆಸಿಪ್ಪೆ ಬೆರೆಸಿ ಮಾರುತ್ತಿದ್ದ ಕಾಲ ಅದು. ನಾನು ನಾಲ್ಕನೇ ಇಯತ್ತೆಗೇ ಸಾಲೆ ಬಿಟ್ಟವನು, ಆದರೆ ನನ್ನ ಅಂಗಡಿಯಲ್ಲಿ ಕಲಬೆರಕೆ ನಡೆಯುತ್ತಿರಲಿಲ್ಲ. ಮೊರದಲ್ಲಿ ಸುರಿದು, ಒಂದೊಂದೇ ಕಾಳು ಆರಿಸಿ ಕೋಳಿಗೆ ಚೆಲ್ಲಿದೆ.

ಮರುದಿನ ಅವರು ಕಪ್ಪು ಮೂಸಿದರು, ಮತ್ತೆ ಮೂಸಿದರು. "ಅಕ್ಕಿ ಎಲ್ಲಿ ಹೋತ್ರಿ?"

"ಹಸನ ಮಾಡೀನ್ರಿ. ಕೋಳಿ ತಿಂದ್ವು."

"ಅದನ್ನ ಹುರದು ಬೇಕಂತನ ಹಾಕಿರತಾರ್ರಿ, ಸಾವಕಾರ್ರ! ನಿಮ್ಮ ಕೋಳಿ ಪುಣ್ಯಾ ಮಾಡ್ಯಾವ ಬಿಡ್ರಿ." ನಕ್ಕರು, ಆದರೆ ಕಪ್ಪು ಬಾಯಿಗೆ ಹೋಗಲಿಲ್ಲ.

ನನಗೆ ತಡೆಯಲಾಗಲಿಲ್ಲ. ಒಲೆಯ ಮೇಲೆ ಹಂಚು ಇಟ್ಟು ನಮ್ಮ ಮನೆಯ ಕೆಂಪಕ್ಕಿ ಹುರಿದೆ. ನಾಲ್ಕು ಕಾಳು ಚಟಪಟ ಅರಳಿದವು. ಅದನ್ನು ಅದೇ ಎಲೆಯ ಮೇಲೆ ಹಾಕಿ ಬಿಸಿನೀರು ಹೊಯ್ದೆ. ಹವಾಲ್ದಾರರು ಮೂಸಿ ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ಆಮೇಲೆ ಕಪ್ಪನ್ನು ನನ್ನ ಕಡೆ ಸರಿಸಿದರು. "ಮೊದಲ ಮೂಗಿಗೆ ಕೊಡ್ರಿ."

ಅವ್ವ ಜೋಳ ಹುರಿಯುತ್ತಿದ್ದ ಹಂಚಿನ ವಾಸನೆ ಬಂತು.

"ಇದು ನಮ್ಮ ಅಡಗೀಮನಿ ವಾಸನಿನ ಐತಲ್ರಿ!"

"ಮತ್ತ? ಅಷ್ಟು ದೂರ ಹೋಗಿ ದಿನಾ ಇದನ್ನ ಯಾಕ ಕುಡೀತಿದ್ನಿ ಅಂತ ತಿಳಕೊಂಡೀರಿ?" ಎಂದರು.